ಮಗಳಿಗೊಂದು ಪತ್ರ: ಬಾಣೇರದ ಮನೆ ಮತ್ತು ಪುಣೆಯ ವಕೀಲರು

ಕೋಥ್ರೂಡ, ಪುಣೆ
ಭಾನುವಾರ ಸಂಜೆ

ಚಿ. ಸೌ. ಮೇಧಾಳಿಗೆ ಅವ್ವ ಮಾಡುವ ಅನೇಕ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲವೆಂದು ನಿನಗೆ ಬೇಸರವಾಗಿರಬಹುದು. ಇಂಥ ವಿಷಯವನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಉಳಿದರ್ಧ ಅಳಿಯಂದಿರನ್ನು ತಲುಪುವ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಇಬ್ಬರೂ ಕೂತು ಓದಿರಿ.

ಇಲ್ಲಿ ಪುಣೆಯ ಬಾಣೇರದಲ್ಲಿರುವ ನಿನ್ನ ಮನೆಯನ್ನು, ಕರಾರಿನ ಅವಧಿ ಮುಗಿದರೂ ಜಾಗ ಬಿಡದವರಿಂದ ಬಿಡಿಸಿಕೊಳ್ಳುವ ಕೆಲಸವನ್ನು ಬೆಂಗಳೂರಿನಲ್ಲಿ ವಕೀಲರಾಗಿರುವ ನಿನ್ನ ಗೆಳತಿಯ ಯಜಮಾನರಿಗೇ ಒಪ್ಪಿಸಬಹುದಲ್ಲವೇ ಎಂದು ನೀನು ಕೇಳಿದೆ. ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ. 1961ರ ವಕೀಲರ ಕಾಯ್ದೆಯ 30ನೆಯ ಕಲಮು 2011ರ ಜೂನ್ 15ರಿಂದ ಜಾರಿಗೆ ಬಂದಿದ್ದು, ಯಾವುದೇ ರಾಜ್ಯದಲ್ಲಿ ನೋಂದಣಿಯಾದ ವಕೀಲರು ದೇಶದ ಎಲ್ಲ ನ್ಯಾಯಾಲಯಗಳಲ್ಲಿಯೂ ವಕೀಲಿ ನಡೆಸಬಹುದು. ಅವರು ಒಳ್ಳೆಯವರು, ನಿನ್ನ ಮೇಲಿನ ವಿಶ್ವಾಸದಿಂದ ಹಣವನ್ನೂ ಕಡಿಮೆ ತೆಗೆದುಕೊಂಡಾರು. ಆದರೂ ಈ ಕೆಲಸ ಅವರದಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ ಬಾಡಿಗೆ ಎಂದರೆ ಬಾಡಿಗೆ. ಇಲ್ಲಿ ನೀವು ಮಾಡಿಕೊಟ್ಟಿರುವುದು ಲೀವ್ ಅಂಡ್ ಲೈಸೆನ್ಸ್ ಕರಾರು. ಅದರ ಪ್ರಕಾರ ಮನೆಯಲ್ಲಿರುವವರು ಬಾಡಿಗೆದಾರರಲ್ಲ, ಗೊತ್ತಾದ ಅವಧಿಯವರೆಗೆ ಇರಲು ಪರವಾನಗಿ ಪಡೆದವರು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೆಯ ಕಲಮಿನಂತೆ, ಅವಧಿ ಮುಗಿದ ಮೇಲೂ ಅವರು ಜಾಗ ಬಿಡದಿದ್ದರೆ ಸಾಮಾನ್ಯ ಸಿವಿಲ್ ದಾವೆ ಹೂಡಬೇಕಾಗಿಲ್ಲ, ಸಕ್ಷಮ ಪ್ರಾಧಿಕಾರದ, ಅಂದರೆ ಇಂಥ ಅರ್ಜಿಗಳಿಗೆಂದೇ ಸರ್ಕಾರ ನೇಮಿಸಿದ ಅಧಿಕಾರಿಯ, ಮುಂದೆ ಅರ್ಜಿ ಹಾಕಬೇಕು. ಅಲ್ಲಿ ಲಿಖಿತ ಕರಾರಿನಲ್ಲಿರುವ ಸಂಗತಿಗಳಿಗೆ ಆ ಕರಾರೇ ನಿರ್ಣಾಯಕ ಸಾಕ್ಷ್ಯ. ಸಮನ್ಸು ಮುಟ್ಟಿದ ಮೂವತ್ತು ದಿನಗಳೊಳಗೆ ಎದುರು ಪಕ್ಷದವರು ಪ್ರಮಾಣಪತ್ರ ಸಲ್ಲಿಸಿ, ವಾದಿಸಲು ಅನುಮತಿಯನ್ನೇ ಮೊದಲು ಬೇಡಬೇಕು. ಅವಧಿ ಮುಗಿದ ದಿನದಿಂದ ಜಾಗ ಬಿಡುವ ದಿನದವರೆಗೆ ಕರಾರಿನ ಹಣದ ಎರಡರಷ್ಟು ನಷ್ಟಪರಿಹಾರವನ್ನೂ ಕೇಳಬಹುದು. ನಿನ್ನ ಮನೆಗೆ ತಿಂಗಳಿಗೆ 24,000 ರೂಪಾಯಿ ಇದ್ದದ್ದು ಈಗ 48,000ದ ಲೆಕ್ಕಕ್ಕೆ ಬರುತ್ತದೆ. ಇದೆಲ್ಲವನ್ನೂ ಬೆಂಗಳೂರಿನವರು ಪುಸ್ತಕದಲ್ಲಿ ಓದಿಕೊಂಡಾರು. ಆದರೆ ಆ ಕಚೇರಿಯಲ್ಲಿ ಅರ್ಜಿಯ ಜೊತೆ ಏನೇನು ಲಗತ್ತಿಸಿದರೆ ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ, ಸಮನ್ಸು ಜಾರಿಯಾಗದೆ ಮರಳಿ ಬಂದರೆ ಮಾರನೆಯ ದಿನ ಯಾರ ಮುಂದೆ ನಿಲ್ಲಬೇಕು, ಇಂಥವನ್ನು ಅಲ್ಲಿ ಪ್ರತಿ ವಾರ ನಿಲ್ಲುವವರು ಮಾತ್ರ ಬಲ್ಲರು. ಕಾಗದಪತ್ರವೂ ಬಹುಪಾಲು ಮರಾಠಿಯಲ್ಲಿಯೇ ನಡೆಯುತ್ತದೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಧಾರವಾಡದ ಹೊಲದ ದಾವೆಯ ಅರ್ಧ ಕಥೆ ಮಾತ್ರ ನಿನಗೆ ಗೊತ್ತು, ಆಗ ನೀನು ಕಾಲೇಜಿನಲ್ಲಿದ್ದೆ. ಕರ್ನಾಟಕದಲ್ಲಿ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಾಗ, ಅದಕ್ಕೂ ಮೊದಲೇ ಮದುವೆಯಾದ ನನ್ನಂಥವರನ್ನು ಹೊರಗಿಟ್ಟಿದ್ದರು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಆ ಭೇದ ಹೋದ ಮೇಲೆ, 2007ರಲ್ಲಿ ನಾನು ಪಾಲು ಕೇಳಿದೆ. ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಊರಿನ ನ್ಯಾಯಾಲಯದಲ್ಲಿಯೇ ಹೂಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಅದು ನನಗೂ ಗೊತ್ತಿತ್ತು. ಆದರೂ ಪರಿಚಯದವರೆಂದು, ಮನೆಗೆ ಬಂದು ಚಹಾ ಕುಡಿದು ಹೋಗುವವರೆಂದು, ಪುಣೆಯ ಒಬ್ಬ ವಕೀಲರ ಕೈಗೆ ಕಾಗದ ಕೊಟ್ಟೆ. ಅವರು ಅದನ್ನು ಧಾರವಾಡದ ಇನ್ನೊಬ್ಬರಿಗೆ ದಾಟಿಸಿದರು. ಆ ಇನ್ನೊಬ್ಬರ ಮುಖವನ್ನು ನಾನು ಎರಡು ವರ್ಷ ನೋಡಲೇ ಇಲ್ಲ. ತಾರೀಖು ಯಾವಾಗ ಎಂದು ಕೇಳಿದರೆ ಪುಣೆಯವರು ಧಾರವಾಡದವರನ್ನು ಕೇಳಿ ಹೇಳುತ್ತೇನೆ ಎನ್ನುತ್ತಿದ್ದರು, ಕೇಳುತ್ತಿರಲಿಲ್ಲ. ಒಂದು ದಿನ ನಿನ್ನ ಸೋದರಮಾವ ಬೇರೆ ಯಾವುದೋ ಕೆಲಸಕ್ಕೆ ಕೋರ್ಟಿಗೆ ಹೋದವನು, ನಮ್ಮ ದಾವೆ ಗೈರುಹಾಜರಿಯಿಂದ ವಜಾ ಆಗಿದೆಯೆಂಬ ಸುದ್ದಿ ತಂದ. ಮತ್ತೆ ಕಡತಕ್ಕೆ ತೆಗೆದುಕೊಳ್ಳಬೇಕೆಂದು ಅರ್ಜಿ ಹಾಕಲು ಇರುವುದು ಮೂವತ್ತು ದಿನ. ಅದರಲ್ಲಿ ಇಪ್ಪತ್ತೈದು ಆಗಲೇ ಕಳೆದಿದ್ದವು. ಆ ರಾತ್ರಿಯೇ ನಾನೂ ನಿನ್ನ ಅಪ್ಪನೂ ರೈಲು ಹತ್ತಿದೆವು.

ಅಷ್ಟಕ್ಕೇ ಮುಗಿಯಲಿಲ್ಲ. ಕಾಗದಗಳನ್ನು ಮರಳಿ ಕೊಡಿರೆಂದರೆ, ಬಾಕಿ ಫೀ ಕೊಡುವವರೆಗೆ ಕೊಡುವುದಿಲ್ಲವೆಂದರು ಆ ವಕೀಲರು. ಫೀ ಬಾಕಿಯಿದೆಯೆಂದು ವಕೀಲರು ಕಕ್ಷಿದಾರರ ಕಾಗದಗಳನ್ನು ಒತ್ತೆಯಿಟ್ಟುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿಯೇ ಹೇಳಿತ್ತು. ನನಗದು ಗೊತ್ತಿರಲಿಲ್ಲ, ಹಣ ಕೊಟ್ಟು ಬಿಡಿಸಿಕೊಂಡೆ. ಆಮೇಲೆ ಧಾರವಾಡದಲ್ಲಿಯೇ ಮನೆ ಮಾಡಿಕೊಂಡಿದ್ದ, ಹೆಚ್ಚು ಮಾತಾಡದ ಒಬ್ಬ ವಯಸ್ಸಾದ ವಕೀಲರು ಸಿಕ್ಕರು. ಅವರು ಪ್ರತಿ ತಾರೀಖಿನ ಸಂಜೆ ಒಂದು ಪೋಸ್ಟ್ ಕಾರ್ಡು ಹಾಕುತ್ತಿದ್ದರು. ಎರಡೇ ಸಾಲು: ಇಂದು ಆದದ್ದು, ಮುಂದಿನ ತಾರೀಖು. ಆ ಕಾರ್ಡುಗಳು ಇನ್ನೂ ನನ್ನ ಹತ್ತಿರವಿವೆ.

ಹೀಗಾಗಿ ನಿನ್ನ ಕೆಲಸಕ್ಕೆ ಕಳೆದ ವಾರ ನಾನು ಇಲ್ಲಿಯ ಇಬ್ಬರನ್ನು ಕಂಡುಬಂದೆ. ನಿನ್ನನ್ನು ಕೇಳದೆ ಹೋದದ್ದಕ್ಕೆ ಸಿಟ್ಟಾಗಬೇಡ, ಯಾರಿಗೂ ಮಾತು ಕೊಟ್ಟಿಲ್ಲ. ಮೊದಲನೆಯವರ ಕಚೇರಿ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದ ಹತ್ತಿರ, ಗಾಜಿನ ಬಾಗಿಲು, ತಂಪು ಗಾಳಿ. ನಾನು ತಂದ ಕರಾರನ್ನು ಅವರು ತೆರೆದು ನೋಡಲಿಲ್ಲ. ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿಸುತ್ತೇನೆ ಎಂದರು, ನಷ್ಟಪರಿಹಾರವೆಂದು ಬಂದ ಹಣದಲ್ಲಿ ಇಷ್ಟು ಪಾಲು ಕೊಟ್ಟರೆ ಸಾಕು ಎಂದರು, ಬೇಕಾದರೆ ಅಲ್ಲಿಯವರೆಗೆ ವಿದ್ಯುತ್ತನ್ನು ತೆಗೆಸಿಬಿಡಿ ಎಂದೂ ಸೇರಿಸಿದರು. ಮೂರು ಮಾತಿನಲ್ಲಿ ಮೂರು ತಪ್ಪು. ತೀರ್ಪಿನ ದಿನವನ್ನು ಯಾವ ವಕೀಲರೂ ಮೊದಲೇ ಹೇಳಲಾರರು. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲಿನ ನಿಯಮಗಳೇ ನಿಷೇಧಿಸಿವೆ. ಇನ್ನು ವಿದ್ಯುತ್ತು ತೆಗೆಸಿದರೆ, ಇಂದು ದೂರು ಕೊಡಬೇಕಾದ ನೀನು ನಾಳೆ ದೂರಿಗೆ ಉತ್ತರ ಕೊಡುವವಳಾಗುತ್ತೀಯೆ.

ಎರಡನೆಯವರು ಸದಾಶಿವ ಪೇಠೆಯಲ್ಲಿ ಹಳೆಯ ವಾಡೆಯ ಮೇಲಂತಸ್ತಿನಲ್ಲಿ ಕೂಡುವ ಒಬ್ಬ ಹೆಣ್ಣುಮಗಳು, ನಿನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಅವರು ಮೊದಲು ಕನ್ನಡಕ ಹಾಕಿಕೊಂಡು ಕರಾರನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನೋಂದಣಿಯಾಗಿದೆಯೇ ಎಂದು ಇಂಡೆಕ್ಸ್ ಟು, ಅಂದರೆ ನೋಂದಣಿ ಕಚೇರಿಯವರು ಕೊಡುವ ಸಾರಾಂಶದ ಹಾಳೆ, ಕೇಳಿದರು. ಕರಾರನ್ನು ನೋಂದಾಯಿಸುವ ಹೊಣೆ ಈ ರಾಜ್ಯದಲ್ಲಿ ಮನೆಯ ಮಾಲೀಕರದೇ, ಮಾಡಿಸದಿದ್ದರೆ ಶಿಕ್ಷೆಯೂ ಇದೆ. ಅಳಿಯಂದಿರು ಅಂದು ಆನ್‌ಲೈನಿನಲ್ಲಿ ಮಾಡಿಸಿಟ್ಟದ್ದು ಈಗ ಉಪಯೋಗಕ್ಕೆ ಬಂತು. ಆಮೇಲೆ ಅವರು ತಲೆ ಎತ್ತಿ, ಕರಾರಿನ ಅವಧಿ ಮುಗಿದ ಮಾರ್ಚ್ 31ರ ನಂತರ ನಿಮ್ಮ ಮಗಳು ಹಣ ತೆಗೆದುಕೊಂಡಿದ್ದಾರೆಯೇ ಎಂದು ಕೇಳಿದರು. ನಾನು ಇಲ್ಲ ಎಂದೆ. ಮನೆಗೆ ಬಂದು ನಿನಗೆ ಫೋನ್ ಮಾಡಿದ ಮೇಲೆ ತಾನೆ ನೀನು ಎರಡು ತಿಂಗಳ ಹಣ ಯುಪಿಐನಲ್ಲಿ ಬಂದಿದೆಯೆಂದೂ, ದೀಪಾವಳಿಯವರೆಗೆ ಇರಿ ಎಂದು ನೀನೇ ವಾಟ್ಸಾಪಿನಲ್ಲಿ ಬರೆದಿದ್ದೀಯೆಂದೂ ಹೇಳಿದ್ದು!

ಈ ಸಂಗತಿಯನ್ನು ವಕೀಲರಿಂದ ಮುಚ್ಚಿಡುವ ಯೋಚನೆ ನಿನ್ನ ಮಾತಿನಲ್ಲಿ ನನಗೆ ಕಂಡಿತು. ಹಾಗೆ ಮಾಡಬೇಡ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅವರು ಹೊರಗೆ ಹೇಳುವಂತಿಲ್ಲ. ಹಿಂದೆ ಸಾಕ್ಷ್ಯ ಕಾಯ್ದೆಯ 126ನೆಯ ಕಲಮಿನಲ್ಲಿದ್ದ ಈ ನಿಯಮ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿದೆ. ನೀನು ಮುಚ್ಚಿಟ್ಟರೆ ಅದು ಮುಚ್ಚಿಕೊಂಡಿರುವುದೂ ಇಲ್ಲ, ಆ ಸಂದೇಶ ಎದುರಿನವರ ಫೋನಿನಲ್ಲಿಯೂ ಇದೆ. ಹಣ ತೆಗೆದುಕೊಂಡದ್ದರಿಂದ ಪರವಾನಗಿ ಮುಂದುವರಿಯಿತೆಂದು ಅವರು ವಾದಿಸುವುದು ಖಂಡಿತ. ಅದನ್ನು ನಿನ್ನ ವಕೀಲರು ಅರ್ಜಿ ಬರೆಯುವ ಮೊದಲೇ ತಿಳಿದಿರಬೇಕು, ಎದುರು ಪಕ್ಷದವರ ಪ್ರಮಾಣಪತ್ರದಲ್ಲಿ ಓದಿ ತಿಳಿಯಬಾರದು. ಹಳೆಯ ಫೋನನ್ನು ಮಾರಬೇಡ, ಒಂದು ಸಂದೇಶವನ್ನೂ ಅಳಿಸಬೇಡ. ವಕೀಲರನ್ನು ಪರೀಕ್ಷಿಸಬೇಕೆಂದಿದ್ದರೆ, ನಮ್ಮ ಪಕ್ಷದಲ್ಲಿ ದುರ್ಬಲವಾದದ್ದು ಯಾವುದು ಎಂದು ಕೇಳಿ ನೋಡು. ಆ ಪ್ರಶ್ನೆಗೆ ಏನೂ ಇಲ್ಲ ಎನ್ನುವವರಿಗೆ ನಮಸ್ಕಾರ ಮಾಡಿ ಎದ್ದು ಬಾ.

ಕನ್ನಡದವರೇ ಆದ ವಕೀಲರು ಸಿಕ್ಕರೆ ಒಳ್ಳೆಯದಲ್ಲವೇ ಎಂದು ನಿನ್ನ ಅಪ್ಪನ ಒತ್ತಾಯ. ಕನ್ನಡ ಸಂಘದಲ್ಲಿ ವಿಚಾರಿಸಿದರೆ ನಾಲ್ಕು ಹೆಸರು ಸಿಗುತ್ತವೆ, ನಾಲ್ಕೂ ಯಾರದಾದರೊಬ್ಬರ ಬೀಗರದು. ನಮ್ಮ ಮಾತಿನಲ್ಲಿ ಕಷ್ಟ ಹೇಳಿಕೊಳ್ಳುವ ಸಮಾಧಾನ ದೊಡ್ಡದೆಂದು ನಾನೂ ಒಪ್ಪುತ್ತೇನೆ. ಆದರೆ ಬೀಗರ ಮೇಲೆ ಗದರಿ ಕಾಗದ ಕೇಳಲಾಗುವುದಿಲ್ಲ, ಹಣದ ಲೆಕ್ಕ ಕೇಳುವುದಂತೂ ದೂರ. ನನಗೆ ಧಾರವಾಡದ ದಾವೆಯಲ್ಲಿ ಆದದ್ದೂ ಇದೇ.

ಸನದು, ಅಂದರೆ ವಕೀಲಿ ನಡೆಸುವ ಪರವಾನಗಿ, ಇದೆಯೇ ಎಂದು ನೋಡುವುದು ಸುಲಭ. ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿನ ನೋಂದಣಿ ಸಂಖ್ಯೆ, ವಕೀಲರನ್ನು ನೇಮಿಸಲು ನಾವು ಸಹಿ ಮಾಡುವ ವಕಾಲತ್ತಿನ ಮೇಲೆಯೇ ಇರುತ್ತದೆ, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಹುಡುಕಿದರೆ ಜಿಲ್ಲಾ ನ್ಯಾಯಾಲಯದಲ್ಲಿ ಅವರು ನಡೆಸುತ್ತಿರುವ ಪ್ರಕರಣಗಳೂ ಕಾಣುತ್ತವೆ. ಸದಾಶಿವ ಪೇಠೆಯ ವಕೀಲರ ಹೆಸರನ್ನು ನಾನೇ ಹುಡುಕಿಸಿದೆ, ಬಾಡಿಗೆಯ ತಕರಾರುಗಳೇ ಹೆಚ್ಚು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ ಎಂಬುದೂ ನಿನಗೆ ತಿಳಿದಿರಲಿ. ದೇವರ ದಯದಿಂದ ನಿನಗೆ ಅದರ ಅಗತ್ಯವಿಲ್ಲ.

ಫೀ ವಿಷಯದಲ್ಲಿ ಸಂಕೋಚ ಬೇಡ. ನೋಟೀಸಿಗೆ ಎಷ್ಟು, ಅರ್ಜಿಗೆ ಎಷ್ಟು, ಪ್ರತಿ ತಾರೀಖಿಗೆ ಬೇರೆ ಇದೆಯೇ, ಆದೇಶವಾದ ಮೇಲೆ ಎದುರು ಪಕ್ಷದವರು ಪುನರ್‌ಪರಿಶೀಲನೆಗೆ ಹೋದರೆ ಅದಕ್ಕೆ ಮತ್ತೆ ಎಷ್ಟು, ಇದನ್ನು ವಕೀಲರಿಂದ ಇಮೇಲಿನಲ್ಲಿ ಬರೆಸಿಕೋ. ಬ್ಯಾಂಕಿನ ಮೂಲಕವೇ ಕೊಡು. ಪ್ರಾಧಿಕಾರದ ಶುಲ್ಕ, ಸ್ಟಾಂಪು, ಟೈಪಿಂಗು ಅವರ ಫೀಯೊಳಗೆ ಬರುವುದಿಲ್ಲ, ಅದರ ಚೀಟಿಗಳನ್ನು ಬೇರೆ ಇಡಬೇಕು. ಒಂದು ಮಾತು ಗೊತ್ತಿರಲಿ: ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನಾಳೆ ತಕರಾರಾದರೆ ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯಿಲ್ಲ. ದುರ್ನಡತೆಯಾದರೆ ಬಾರ್ ಕೌನ್ಸಿಲಿಗೆ ದೂರು ಕೊಡಬಹುದು, ಅದು ನಿಧಾನದ ಕೆಲಸ. ಆದ್ದರಿಂದ ಬರೆಸಿಕೊಳ್ಳುವುದೆಲ್ಲ ಮೊದಲೇ ಆಗಬೇಕು.

ವಕಾಲತ್ತಿಗೆ ಸಹಿ ಮಾಡುವ ಮೊದಲು ಅದರಲ್ಲಿಯ ಸಣ್ಣ ಅಕ್ಷರಗಳನ್ನು ಓದು. ರಾಜಿ ಮಾಡಿಕೊಳ್ಳುವ ಅಧಿಕಾರವನ್ನು ವಕೀಲರಿಗೆ ಕೊಡುವ ಸಾಲೊಂದು ಬಹಳ ಕಡೆ ಅಚ್ಚಾಗಿಯೇ ಬಂದಿರುತ್ತದೆ. ನಿನ್ನ ಲಿಖಿತ ಒಪ್ಪಿಗೆಯಿಲ್ಲದೆ ರಾಜಿ ಇಲ್ಲವೆಂದು ಕೈಯಲ್ಲಿ ಬರೆದು ಸಹಿ ಮಾಡು. ಖಾಲಿ ಹಾಳೆಗೆ ಸಹಿ ಬೇಡ, ಎಷ್ಟೇ ಅವಸರವೆಂದರೂ ಬೇಡ.

ಇಲ್ಲಿಯ ಓಡಾಟಕ್ಕೆ ನನ್ನ ಹೆಸರಿಗೆ ಒಂದು ಮುಖ್ತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಬೇಕಾಗುತ್ತದೆ. ಈ ಒಂದು ಪ್ರಕರಣಕ್ಕೆ ಮಾತ್ರ ಸೀಮಿತವಾಗಿ ಮಾಡಿಸು. ಮನೆ ಮಾರುವ ಅಧಿಕಾರ ನನಗೆ ಬೇಡ, ತಾಯಿಗಾದರೂ ಅಷ್ಟು ದೊಡ್ಡ ಕಾಗದ ಬರೆದುಕೊಡಬಾರದು. ಆ ಪತ್ರದ ಬಲದಿಂದ ನಾನು ಅರ್ಜಿಗೆ ಸಹಿ ಹಾಕಬಹುದು, ತಾರೀಖಿಗೆ ನಿಲ್ಲಬಹುದು. ಆದರೆ ನಿನಗೆ ಮಾತ್ರ ಗೊತ್ತಿರುವ ಸಂಗತಿಗೆ ನಿನ್ನ ಬದಲು ನಾನು ಸಾಕ್ಷಿ ಹೇಳಲಾಗುವುದಿಲ್ಲ, ಇದನ್ನೂ ಸುಪ್ರೀಂ ಕೋರ್ಟು 2004ರಲ್ಲಿ ಸ್ಪಷ್ಟಪಡಿಸಿದೆ. ಆ ಎರಡು ತಿಂಗಳ ಹಣದ ವಿಷಯ, ವಾಟ್ಸಾಪಿನ ವಿಷಯ ಬಂದ ದಿನ ನೀನೇ ಬರಬೇಕಾದೀತು. ರಜೆಯನ್ನು ಈಗಲೇ ಉಳಿಸಿಟ್ಟುಕೋ.

ಕರಾರಿನ ಮೂಲ ಪ್ರತಿ, ಇಂಡೆಕ್ಸ್ ಟು, ಹೌಸಿಂಗ್ ಸೊಸಾಯಿಟಿಯ ಷೇರು ಪತ್ರ ಮೂರೂ ನನ್ನ ಕಪಾಟಿನಲ್ಲಿವೆ. ವಕೀಲರಿಗೆ ಜೆರಾಕ್ಸ್ ಮಾತ್ರ ಕೊಡುತ್ತೇನೆ, ಮೂಲವನ್ನು ತೋರಿಸಿ ಮರಳಿ ತರುತ್ತೇನೆ. ನೀನು ಮಾಡಬೇಕಾದದ್ದು ಇಷ್ಟು: ಮನೆ ಕೊಟ್ಟ ದಿನದಿಂದ ನಿನ್ನೆಯವರೆಗೆ ಆದದ್ದನ್ನು ತಾರೀಖಿನ ಕ್ರಮದಲ್ಲಿ ಒಂದೇ ಹಾಳೆಯ ಮೇಲೆ ಬರೆದು, ಬ್ಯಾಂಕಿನ ಪಾಸ್‌ಬುಕ್ಕಿನ ಆ ಪುಟಗಳ ಜೊತೆ ಮಂಗಳವಾರದೊಳಗೆ ಕಳುಹಿಸು. ಪೇಠೆಯವರು ಬುಧವಾರ ಸಂಜೆ ಐದಕ್ಕೆ ಸಮಯ ಕೊಟ್ಟಿದ್ದಾರೆ. ನೀನೂ ವಿಡಿಯೋದಲ್ಲಿ ಇರು, ಅವರನ್ನು ನೀನೇ ಮಾತಾಡಿಸಿ ನೋಡು. ನಿನ್ನ ಮನಸ್ಸು ಒಪ್ಪದಿದ್ದರೆ ಮೂರನೆಯವರನ್ನು ಹುಡುಕೋಣ. ಮತ್ತೆ, ಜೂನ್ ತಿಂಗಳ ಹಣವನ್ನು ಮನೆಯಲ್ಲಿರುವವರು ಕಳುಹಿಸಿದರೆ ಬುಧವಾರದ ಮಾತುಕತೆ ಮುಗಿಯುವವರೆಗೆ ಯಾವ ಉತ್ತರವನ್ನೂ ಬರೆಯಬೇಡ, ಒಂದು ಹೆಬ್ಬೆರಳಿನ ಚಿತ್ರವನ್ನೂ ಕಳುಹಿಸಬೇಡ.

ನಿನ್ನ ಅಪ್ಪನ ಮೊಣಕಾಲು ಈಗ ಪರವಾಗಿಲ್ಲ. ಮೊಮ್ಮಗನಿಗೆ ಮುದ್ದು, ಅಳಿಯಂದಿರಿಗೆ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅವ್ವ