ಡರ್ವರ್ಡ್ ಸ್ಟ್ರೀಟಿನಿಂದ ಅಪ್ಪನಿಗೆ

ವೈಟ್‌ಚಾಪೆಲ್, ಲಂಡನ್
ಆದಿತ್ಯವಾರ

ತೀರ್ಥರೂಪ ಅಪ್ಪನವರಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮನ ಗಂಟುನೋವು ಹೇಗಿದೆ? ಇಲ್ಲಿನ ಬಾಂಗ್ಲಾದವರ ಅಂಗಡಿಯಲ್ಲಿ ಬಸಳೆ ಸಿಗುತ್ತದೆ ಅಂತ ಅಮ್ಮನಿಗೆ ಹೇಳಿ. ಮೊನ್ನೆ ತಂದು ಕಾಯಿ ಅರೆದು ಪದಾರ್ಥ ಮಾಡಿದೆ, ರೂಮಿನವರೆಲ್ಲ ತಟ್ಟೆ ಖಾಲಿ ಮಾಡಿದರು.

ಕಳೆದ ವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಉತ್ತರ ಬಾಕಿ ಉಳಿಯಿತು, ನನಗೆ ಡ್ಯೂಟಿಗೆ ಹೊತ್ತಾಗಿತ್ತು. "ಜ್ಯಾಕ್ ದಿ ರಿಪ್ಪರ್ ತಿರುಗಿದ ಊರಲ್ಲೇ ಇದ್ದೀಯಲ್ಲ, ಈಗಿನ ಕಾಲದಲ್ಲಾದರೆ ಅವ ಪೊಲೀಸರ ಕೈಗೆ ಸಿಗುತ್ತಿದ್ದನಾ?" ಎಂದಿರಿ. ಮೂವತ್ತೆರಡು ವರ್ಷ ಖಾಕಿ ಹಾಕಿದ ನಿಮಗೆ ಹೌದು, ಇಲ್ಲ ಎಂದು ಒಂದೇ ಮಾತಲ್ಲಿ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೈಟ್ ಶಿಫ್ಟ್ ಮುಗಿಸಿ ಸ್ಟೇಷನ್ನಿನ ಹಿಂದಿನ ಡರ್ವರ್ಡ್ ಸ್ಟ್ರೀಟಿನಲ್ಲಿ ನಡೆದು ಬರುತ್ತೇನೆ. ಆಗ ಅದರ ಹೆಸರು ಬಕ್ಸ್ ರೋ. 1888ರ ಆಗಸ್ಟ್ 31ರ ಬೆಳಗಿನ ಜಾವ ಮೇರಿ ಆನ್ ನಿಕೋಲ್ಸ್ ಎಂಬ 43 ವರ್ಷದ ಹೆಂಗಸು ಅಲ್ಲಿ ಬಿದ್ದಿದ್ದಳು. ಕೊನೆಗೂ ಸಿಕ್ಕದ ಆ ರಿಪ್ಪರ್ ಮಾಡಿದ್ದೆಂದು ಸಾಮಾನ್ಯವಾಗಿ ಎಣಿಸುವ ಐದು ಕೊಲೆಗಳಲ್ಲಿ ಮೊದಲನೆಯದು. ಪಕ್ಕದ ಹಳೇ ಶಾಲೆಯ ಕಟ್ಟಡ ಇನ್ನೂ ನಿಂತಿದೆ, ಈಗ ಅದರಲ್ಲಿ ಫ್ಲ್ಯಾಟುಗಳಿವೆ. ಅವಳು ಆ ರಾತ್ರಿ ಬೀದಿಯಲ್ಲಿದ್ದದ್ದು ಯಾಕೆ ಗೊತ್ತಾ ಅಪ್ಪ? ಲಾಡ್ಜಿಂಗ್ ಮನೆಯಲ್ಲಿ ಒಂದು ಹಾಸಿಗೆಗೆ 4 ಪೆನ್ನಿ. ಅವಳ ಹತ್ತಿರ ಇರಲಿಲ್ಲ, ಹೊರಗೆ ಕಳಿಸಿದರು. ದುಡ್ಡು ಬೇಗ ಹುಟ್ಟಿಸಿಕೊಂಡು ಬರುತ್ತೇನೆ ಅಂತ ತನ್ನ ಹೊಸ ಟೋಪಿ ತೋರಿಸಿ ನಗುತ್ತಾ ಹೋದಳಂತೆ. ಕಪ್ಪು ಹುಲ್ಲಿನ ಟೋಪಿ, ಅಂಚಿಗೆ ವೆಲ್ವೆಟ್. ಬೆಳಿಗ್ಗೆ ಅವಳ ಗುರುತು ಹಿಡಿಯಲು ಪೊಲೀಸರಿಗೆ ದಾರಿಯಾದದ್ದು ಒಳಲಂಗದ ಮೇಲಿದ್ದ ಲ್ಯಾಂಬೆತ್ ವರ್ಕ್‌ಹೌಸಿನ, ಅಂದರೆ ಗತಿಯಿಲ್ಲದ ಬಡವರನ್ನು ಇರಿಸಿ ದುಡಿಸುವ ಮನೆಯ, ಮುದ್ರೆ. ಬಟ್ಟೆಯ ಮೇಲಿನ ದೋಬಿ ಗುರುತು ನೋಡದೆ ಪಂಚನಾಮೆ ಮುಗಿಸಬಾರದು ಎನ್ನುತ್ತಿದ್ದಿರಲ್ಲ, ಅದನ್ನು ಓದುವಾಗ ನಿಮ್ಮ ಮಾತೇ ಕೇಳಿದ ಹಾಗಾಯಿತು.

ಆದರೆ ಆಮೇಲೆ ಮಾಡಿದ್ದನ್ನು ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ. ಬೀದಿಯ ರಕ್ತಕ್ಕೆ ಬಕೆಟ್ ನೀರು ಸುರಿದು ತೊಳೆದರು. ಶವಾಗಾರದಲ್ಲಿದ್ದವರು ಪೂರ್ತಿ ಪರೀಕ್ಷೆಗೆ ಮೊದಲೇ ಬಟ್ಟೆ ಬಿಚ್ಚಿ ಮೈ ತೊಳೆದುಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 30ರ ನಡುರಾತ್ರಿ ಕಳೆದ ಮೇಲೆ ಒಂದು ತಾಸಿನ ಅಂತರದಲ್ಲಿ ಎರಡು ಕೊಲೆ. ಎರಡನೆಯವಳು ಕ್ಯಾಥರಿನ್ ಎಡೋಸ್, ಕುಡಿದು ಬಿದ್ದಿದ್ದಳೆಂದು ಸಂಜೆ ಠಾಣೆಯಲ್ಲಿ ಕೂರಿಸಿ ಒಂದು ಗಂಟೆಯ ಹೊತ್ತಿಗೆ ಬಿಟ್ಟಿದ್ದರು. ಮೈಟರ್ ಸ್ಕ್ವೇರಿನಲ್ಲಿ 1.30ಕ್ಕೆ ಬೀಟ್ ಕಾನ್ಸ್‌ಟೇಬಲ್ ಹಾದುಹೋದಾಗ ಏನೂ ಇರಲಿಲ್ಲ, 1.44ಕ್ಕೆ ಸುತ್ತಿ ಬಂದಾಗ ಶವ ಬಿದ್ದಿತ್ತು. ಆಮೇಲೆ ಅವಳ ಏಪ್ರನ್ನಿನ ತುಂಡು ಗೌಲ್‌ಸ್ಟನ್ ಸ್ಟ್ರೀಟಿನ ಬಾಗಿಲಲ್ಲಿ ಸಿಕ್ಕಿತು. ಮೇಲಿನ ಗೋಡೆಯಲ್ಲಿ ಸೀಮೆಸುಣ್ಣದಲ್ಲಿ ಯೆಹೂದಿಗಳ ಬಗ್ಗೆ ಒಂದು ಬರಹ. ಗಲಭೆಯಾದೀತು ಎಂದು ಹೆದರಿ, ಫೋಟೋ ತೆಗೆಯುವ ಮೊದಲೇ ಕಮಿಷನರ್ ಚಾರ್ಲ್ಸ್ ವಾರನ್ ಅದನ್ನು ಒರೆಸಿಸಿದರು. ಅದು ಕೊಲೆಗಾರನದ್ದೇ ಬರಹವೋ ಅಲ್ಲವೋ ಬೇರೆ ಮಾತು. ಒರೆಸಿದ ಮೇಲೆ ಕೇಳುವುದಕ್ಕೂ ಉಳಿಯಲಿಲ್ಲವಲ್ಲ.

ಆಗ ಬೆರಳಚ್ಚು ಇರಲಿಲ್ಲ. ಲಂಡನ್ ಪೊಲೀಸರ ಮುಖ್ಯ ಕಚೇರಿ ಸ್ಕಾಟ್‌ಲೆಂಡ್ ಯಾರ್ಡಿಗೆ ಅದು ಬಂದದ್ದು 1901ರಲ್ಲಿ, ಅದೂ ನಮ್ಮ ದೇಶದಿಂದ. ಕಲ್ಕತ್ತೆಯಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ವಿಂಗಡಣೆಯ ವಿಧಾನ ಕಟ್ಟಿಕೊಟ್ಟರು, ಹೆಸರು ಮಾತ್ರ ಅಧಿಕಾರಿ ಎಡ್ವರ್ಡ್ ಹೆನ್ರಿಗೆ ಹೋಯಿತು. ಮನುಷ್ಯರ ರಕ್ತ ಯಾವುದು, ಪ್ರಾಣಿಯದು ಯಾವುದು ಎಂದು ಹೇಳುವ ಪರೀಕ್ಷೆಯೂ 1901ರದ್ದೇ. ಬಕ್ಸ್ ರೋ ಹತ್ತಿರವೇ ಕುದುರೆ ಕಡಿಯುವ ಕಸಾಯಿಖಾನೆ. ಅಂಗಿಗೆ ರಕ್ತ ಹತ್ತಿದವನನ್ನು ಯಾರು ತಿರುಗಿ ನೋಡುತ್ತಾರೆ?

ಈಗಾದರೆ ಕ್ಯಾಮೆರಾ, ಡಿಎನ್‌ಎ, ಫೋನಿನ ಟವರ್ ಎಲ್ಲ ಇದೆ. ಅಷ್ಟು ಚಿಕ್ಕ ಜಾಗದಲ್ಲಿ ಕತ್ತಿ ಹಿಡಿದು, ಕೈಗೆಲ್ಲ ರಕ್ತ ಮಾಡಿಕೊಂಡು ನಡೆದು ಮನೆಗೆ ಹೋಗುವವನು ಎರಡನೆಯ ಕೊಲೆಗೇ ಸಿಕ್ಕಿಬೀಳುತ್ತಿದ್ದ ಎಂದೇ ನನಗನಿಸುತ್ತದೆ. ಡಿಎನ್‌ಎಯಿಂದ ಇಲ್ಲಿ ಮೊದಲ ಕೊಲೆಗಾರನಿಗೆ ಶಿಕ್ಷೆಯಾದದ್ದು 1988ರಲ್ಲಿ, ಸರಿಯಾಗಿ ನೂರು ವರ್ಷದ ಮೇಲೆ. ಅವನೂ ತನ್ನ ಬದಲಿಗೆ ಜೊತೆ ಕೆಲಸದವನಿಂದ ರಕ್ತ ಕೊಡಿಸಿ ಪಾರಾಗಿದ್ದ. ಆ ವಿಷಯ ಪಬ್ಬಿನಲ್ಲಿ ಮಾತಿಗೆ ಬಂದಾಗ ಒಬ್ಬಳು ಕೇಳಿಸಿಕೊಂಡು ಪೊಲೀಸರಿಗೆ ಹೇಳಿದ್ದರಿಂದ ಸಿಕ್ಕ.

ಆದರೆ ಇದಿಷ್ಟೇ ಹೇಳಿ ಬಿಟ್ಟರೆ ನಿಮಗೆ ಪೂರ್ತಿ ಸತ್ಯ ಹೇಳಿದ ಹಾಗಾಗುವುದಿಲ್ಲ. ಇಲ್ಲಿಂದ ರೈಲು ಹಿಡಿದರೆ ಬಾರ್ಕಿಂಗ್ ದೂರವಿಲ್ಲ. ಅಲ್ಲಿ 2014–15ರಲ್ಲಿ ಸ್ಟೀಫನ್ ಪೋರ್ಟ್ ಎಂಬವನು ಆ್ಯಪಿನಲ್ಲಿ ಪರಿಚಯ ಮಾಡಿಕೊಂಡು ನಾಲ್ವರು ಹುಡುಗರಿಗೆ ಅಮಲುಮದ್ದು ಹೆಚ್ಚು ಕೊಟ್ಟು ಕೊಂದ. ಮೊದಲ ಶವ ಅವನ ಮನೆಬಾಗಿಲ ಹೊರಗೇ ಇತ್ತು, ಆಂಬುಲೆನ್ಸಿಗೆ ಫೋನ್ ಮಾಡಿದ್ದೂ ಅವನೇ. ಆ ಸಾವಿನ ಬಗ್ಗೆ ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ಮುಂದೆ 2015ರಲ್ಲಿ ಜೈಲಿಗೂ ಹೋಗಿ ಬಂದ. ಮುಂದಿನ ಎರಡು ಶವ ಒಂದೇ ಚರ್ಚಿನ ಅಂಗಳದಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ನಾಯಿ ಕರೆದುಕೊಂಡು ಹೋಗುವ ಒಬ್ಬಳೇ ಹೆಂಗಸಿಗೆ ಸಿಕ್ಕಿದವು. ಅಷ್ಟಾದರೂ ಒಂದಕ್ಕೊಂದು ಹೊಂದಿಸಿ ನೋಡಲಿಲ್ಲ. ಲ್ಯಾಬೂ ಇತ್ತು, ಕ್ಯಾಮೆರಾವೂ ಇತ್ತು. ನಾಲ್ಕನೆಯ ಹುಡುಗನ ಅಕ್ಕತಂಗಿಯರು ಪಟ್ಟು ಹಿಡಿದು ಕೂತ ಮೇಲೆ ಸ್ಟೇಷನ್ನಿನ ಕ್ಯಾಮೆರಾದಲ್ಲಿ ಪೋರ್ಟ್‌ನ ಮುಖ ಕಂಡಿತು. ಪೊಲೀಸರ ಲೋಪಗಳು ಮೂವರ ಸಾವಿಗೆ ಬಹುಶಃ ಕಾರಣವಾದವು ಎಂದು 2021ರಲ್ಲಿ ಜ್ಯೂರಿ ಹೇಳಿತು.

ಇದನ್ನು ಓದಿದ ರಾತ್ರಿ ನನಗೆ ನಮ್ಮ ಜಿಲ್ಲೆಯದ್ದೇ ನೆನಪು. ಶಾಲೆಯ ಮೇಷ್ಟ್ರಾಗಿದ್ದ ಮೋಹನ್ ಕುಮಾರ್, ಪೇಪರಿನವರ ಸಯನೈಡ್ ಮೋಹನ. ವರದಕ್ಷಿಣೆ ಕೊಡಲಾಗದ ಮನೆಯ ಹೆಣ್ಣುಮಕ್ಕಳಿಗೆ ಮದುವೆಯಾಗುತ್ತೇನೆಂದು ಹೇಳಿ ದೂರದೂರಿಗೆ ಕರೆದುಕೊಂಡು ಹೋಗಿ, ಗರ್ಭ ನಿಲ್ಲದ ಮಾತ್ರೆ ಎಂದು ಸಯನೈಡ್ ಕೊಡುತ್ತಿದ್ದ. 2003ರಿಂದ 2009ರವರೆಗೆ ಇಪ್ಪತ್ತು ಮಂದಿಯ ಕೊಲೆ ಆರೋಪ. ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರು ಎಂದು ಬಸ್ ಸ್ಟ್ಯಾಂಡಿನ ಶೌಚಾಲಯಗಳಲ್ಲಿ ಶವ ಸಿಕ್ಕಿದವು. ಒಂದು ಊರಿನ ಠಾಣೆಗೆ ಇನ್ನೊಂದು ಊರಿನದು ಗೊತ್ತಿಲ್ಲ, ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಹಾಕಿ ಫೈಲು ಕಟ್ಟಿಟ್ಟರು. ಬಂಟ್ವಾಳದ ಬರಿಮಾರಿನ ಹುಡುಗಿ ಕಾಣೆಯಾದಾಗ ಊರಿನವರು ಬೀದಿಗಿಳಿದು ಕೂಗಿದರು, ಆಗ ಫೋನ್ ಕರೆಗಳ ಜಾಡು ಹಿಡಿದು ಹೋದರು, ಅವನು ಸಿಕ್ಕಿದ. ಆ ಜಾಡು ಮೊದಲೂ ಹಿಡಿಯಬಹುದಿತ್ತು. ಆ ಇಪ್ಪತ್ತು ಮಂದಿಯಲ್ಲಿ ಬಹಳಷ್ಟು ಮಂದಿಯ ಮನೆಯವರು, ಮಗಳು ಯಾರ ಜೊತೆಗೋ ಓಡಿಹೋದಳು ಎಂಬ ಮಾತನ್ನು ನಂಬಿ ತಲೆ ತಗ್ಗಿಸಿ ಕೂತಿದ್ದರು.

ಆದ್ದರಿಂದ ನನ್ನ ಉತ್ತರ ಇದು, ಅಪ್ಪ. ಕತ್ತಿ ಹಿಡಿದ ಜ್ಯಾಕ್ ಇವತ್ತು ಸಿಗುತ್ತಾನೆ. ಗಲಾಟೆಯಿಲ್ಲದೆ, ಕೇಳುವವರಿಲ್ಲದವರನ್ನೇ ಆರಿಸಿಕೊಂಡು ಕೊಲ್ಲುವವನು ಇವತ್ತೂ ವರ್ಷಗಟ್ಟಲೆ ತಿರುಗಬಲ್ಲ. ಇಲ್ಲಿ ಪೀಟರ್ ಸಟ್‌ಕ್ಲಿಫ್ ಎಂಬವನು 1975ರಿಂದ 1980ರವರೆಗೆ 13 ಹೆಂಗಸರನ್ನು ಕೊಂದ. ಒಂಬತ್ತು ಸಲ ಪೊಲೀಸರು ಅವನನ್ನು ಕೂರಿಸಿ ವಿಚಾರಿಸಿ ಕಳಿಸಿದ್ದರು. ಕೊನೆಗೆ ಹಿಡಿದವರು ಗಸ್ತಿನ ಇಬ್ಬರು, ನಿಮ್ಮ ಥರದವರೇ, ಕಾರಿನ ನಂಬರ್ ಪ್ಲೇಟ್ ಸುಳ್ಳು ಅಂತ. ಹಿಡಿಯುವ ಮುಂಚೆ ಅವನು ಮೂತ್ರಕ್ಕೆ ಹೋಗುತ್ತೇನೆಂದು ಕತ್ತಲಿಗೆ ಸರಿದಿದ್ದ. ಮರುದಿನ ಸಾರ್ಜೆಂಟಿಗೆ ಅದು ನೆನಪಾಗಿ, ವಾಪಸ್ಸು ಹೋಗಿ ನೋಡಿದರೆ ಸುತ್ತಿಗೆಯೂ ಚೂರಿಯೂ ಅಲ್ಲಿ ಬಿದ್ದಿದ್ದವು. ಡ್ಯೂಟಿ ಮುಗಿದ ಮೇಲೂ ತಲೆಯಲ್ಲಿ ಏನೋ ಕೊರೆಯುತ್ತದೆ ಎನ್ನುತ್ತಿದ್ದಿರಲ್ಲ, ಅದೇ.

ಒಂದು ಕೆಲಸ ಆಗಬೇಕು. ಅಟ್ಟದ ಮೇಲೆ ನಿಮ್ಮ ಟ್ರಂಕಿನಲ್ಲಿ ನೀಲಿ ಡೈರಿ ಇದೆಯಲ್ಲ, ಅಪರಿಚಿತ ಶವಗಳ ಪೇಪರ್ ಪ್ರಕಟಣೆ ಕತ್ತರಿಸಿ ಅಂಟಿಸಿದ್ದು, ಚಿಕ್ಕವಳಿದ್ದಾಗ ನಾನು ಕದ್ದು ಓದುತ್ತಿದ್ದದ್ದು. ಮನೆಗೆ ಸುಣ್ಣ ಬಳಿಸುವಾಗ ರದ್ದಿಗೆ ಹಾಕಿಬಿಡಬೇಡಿ. ತಮ್ಮನಿಗೆ ಹೇಳಿ ಪುಟಪುಟದ ಫೋಟೋ ತೆಗೆದು ಕಳಿಸಿ. ಅದರಲ್ಲಿ ಒಂದು, "ಸುಮಾರು 25 ವರ್ಷ, ಗೋಧಿ ಮೈಬಣ್ಣ, ದುಂಡು ಮುಖ, ಹಸಿರು ಸೀರೆ" ಅಂತಿತ್ತು, ಪಕ್ಕದಲ್ಲಿ ನೀವು ಕೆಂಪು ಶಾಯಿಯಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದಿರಿ. ಅವಳು ಯಾರೆಂದು ಆಮೇಲೆ ಗೊತ್ತಾಯಿತಾ? ಮುಂದಿನ ಆದಿತ್ಯವಾರ ಫೋನ್ ಮಾಡಿದಾಗ ಹೇಳಿ.

ಬಿಪಿ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಪ್ರೀತಿಯ ಮಗಳು