ಆ ರಸ್ತೆ ಯಾರಿಗೆ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಮಂಜು,

ನಾನು ಕಳಿಸಿದ ಫೋಟೋ ನೋಡಿ, "ಒಂದು ನರಪಿಳ್ಳೆಯೂ ಇಲ್ಲ, ಇಷ್ಟುದ್ದ ರಸ್ತೆ ಯಾರಿಗೋ?" ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಕೆನಡಾದ ಒಂಟಾರಿಯೊ ಪ್ರಾಂತ್ಯದ 599ನೇ ಹೆದ್ದಾರಿ. ಇಗ್ನೇಸ್ ಊರಿನಲ್ಲಿ ಟ್ರಾನ್ಸ್-ಕೆನಡಾ ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗಿದರೆ ಪಿಕಲ್ ಲೇಕ್ ತನಕ 292 ಕಿಲೋಮೀಟರ್. ನಡುವೆ ಸಾವಂಟ್ ಲೇಕ್ ಅಂತ ರೈಲು ಹಳಿ ಪಕ್ಕದ ಪುಟ್ಟ ಊರು. ಉಳಿದಂತೆ ಸ್ಪ್ರೂಸ್ ಮರ, ಕೆರೆ, ಮತ್ತೆ ಸ್ಪ್ರೂಸ್ ಮರ. ಕತ್ತಲಾದ ಮೇಲೆ ಮೂಸ್ ಭಯ. ನಮ್ಮ ಕಡವೆಯ ಕುಲದ್ದೇ, ಆದರೆ ಕುದುರೆಗಿಂತ ಎತ್ತರ. ಲಾರಿ ಲೈಟಿಗೆ ಮೊದಲು ಕಾಣುವುದು ಕಾಲು ಮಾತ್ರ. ಲಾರಿ ಕೆಟ್ಟರೆ ಅಂತ ಕಂಬಳಿ, ಮೇಣದಬತ್ತಿ ಯಾವಾಗಲೂ ಜೊತೆಗಿರುತ್ತವೆ.

ದಾರಿಯಲ್ಲಿ ಆಲ್ಬನಿ ನದಿ ಸಿಗುತ್ತದೆ. ಅದೇ ಸೀಮೆಯಲ್ಲಿ ಮಿಶ್‌ಕೀಗೊಗಮಾಂಗ್, ಒಜಿಬ್ವೆ ಅನ್ನುವ ಮೂಲನಿವಾಸಿ ಜನರ ಊರು. ನೆಲದ ವಿಚಾರವಾಗಿ ಸರ್ಕಾರ ಮೂಲನಿವಾಸಿಗಳ ಜೊತೆ ಮಾಡಿಕೊಂಡ 9ನೇ ಒಪ್ಪಂದಕ್ಕೆ ಮೊಟ್ಟಮೊದಲ ಸಹಿ ಬಿದ್ದದ್ದು ಅಲ್ಲೇ, ಆಗಿನ ಆಸ್ನಬರ್ಗ್‌ನಲ್ಲಿ, 1905ರ ಜುಲೈನಲ್ಲಿ. ಈ ಟಾರು ಬರುವುದಕ್ಕೆ ಎಷ್ಟೋ ಮುಂಚೆ ಅವರಿಗೆ ನದಿಯೇ ದಾರಿ.

ಪಿಕಲ್ ಲೇಕ್ 1930ರ ದಶಕದಲ್ಲಿ ಚಿನ್ನದ ಗಣಿಯಿಂದ ಬೆಳೆದ ಊರು. ಈಗಿರುವುದು ಸುಮಾರು 400 ಜನ. ಇಷ್ಟು ಜನಕ್ಕೆ ಇಷ್ಟು ರಸ್ತೆಯಾ ಅಂತ ನೀನು ಕೇಳಬಹುದು. ನಾನೂ ಮೊದಲ ಸಲ ಹಾಗೇ ಅಂದುಕೊಂಡಿದ್ದೆ.

ಆದರೆ ಅಲ್ಲಿಂದ ಮೇಲೆ ವರ್ಷವಿಡೀ ಓಡಾಡುವ ರಸ್ತೆಯೇ ಇಲ್ಲದ ಮೂಲನಿವಾಸಿಗಳ ಊರುಗಳಿವೆ. ಬೇಸಿಗೆಯಲ್ಲಿ ಅವರಿಗೆ ಹಾಲು, ಮೊಟ್ಟೆ, ಔಷಧ ಎಲ್ಲ ವಿಮಾನದಲ್ಲೇ ಹೋಗಬೇಕು. ಬೆಲೆ ಎಷ್ಟಾಗಬಹುದು ನೀನೇ ಯೋಚಿಸು. ಜನವರಿ ಹೊತ್ತಿಗೆ ಕೆರೆ, ಜೌಗು ಹೆಪ್ಪುಗಟ್ಟಿದರೆ ಅದರ ಮೇಲೆ ಹಿಮದ ದಾರಿ ಮಾಡುತ್ತಾರೆ. ಮನೆ ಕಟ್ಟುವ ಮರ, ಡೀಸೆಲ್‌ನಂಥ ಭಾರದ ಸಾಮಾನೆಲ್ಲ ಆ ಕೆಲವೇ ವಾರಗಳಲ್ಲಿ ಸಾಗಬೇಕು. ಅದರಲ್ಲಿ ಎಷ್ಟೋ ಲಾರಿಗಳು ಬರುವುದು ಈ 599ರ ಮೇಲೇ. ನೀನು ನೋಡಿದ ಖಾಲಿ ರಸ್ತೆ ಇದೇ ಕಣೋ.

2024ರಲ್ಲಿ ಚಳಿಯೇ ಸರಿಯಾಗಿ ಬೀಳಲಿಲ್ಲ. ಮಂಜುಗಡ್ಡೆ ತೆಳುವಾಯಿತು, ತುಂಬಿದ ಲಾರಿ ಬಿಡುವ ಹಾಗಿರಲಿಲ್ಲ. ಫೆಬ್ರವರಿಯಲ್ಲಿ ಆ ಜನರ ಮುಖಂಡರು ತುರ್ತುಸ್ಥಿತಿ ಘೋಷಿಸಿದರು. ಆ ಸುದ್ದಿ ಕೇಳಿದಾಗಿನಿಂದ ನನಗೆ ಚಳಿಯ ಮೇಲೆ ಒಂದು ದಿನವೂ ಸಿಟ್ಟು ಬಂದಿಲ್ಲ.

ನಾಡಿದ್ದು ಮತ್ತೆ ಹೊರಡುತ್ತಿದ್ದೇನೆ. ಈ ಸಲ ಹಿಟ್ಟು, ಹಾಲಿನ ಪುಡಿ, ಮಕ್ಕಳ ಡಯಾಪರ್. ರಾತ್ರಿ ಮೈನಸ್ 30 ಅಂತಿದ್ದಾರೆ. ಇನ್ನೂ ಎರಡು ವಾರ ಹಾಗೇ ಇರಲಿ ಅಂತ ನೀನೂ ಬೇಡಿಕೋ.

ನಿನ್ನ,
ಸುರೇಶ