ಡ್ರಿಪ್ ಮುಗಿದ ಹೊತ್ತಿಗೆ ನೆನೆಯಬೇಕಾದವರು

ಎಲ್ಲರಿಗೂ ನಮಸ್ಕಾರ.

ಹೋದ ವಾರ ಬೆಂಗಳೂರಿನಲ್ಲಿ ಕಿಡ್ನಿ ಕ್ಯಾನ್ಸರಿಗೆ ನನಗೆ ಕೊಡುತ್ತಿದ್ದ ಪೆಂಬ್ರೊಲಿಜುಮಾಬ್ ಎಂಬ ಔಷಧಿಯ ಡ್ರಿಪ್ ಮುಗಿಯಿತು. ಮೂರು ವಾರಕ್ಕೊಂದರಂತೆ ಹೆಚ್ಚುಕಡಿಮೆ ಎರಡು ವರ್ಷ ನಡೆದದ್ದು. ಶ್ವಾಸಕೋಶದಲ್ಲಿದ್ದ ಗಂಟುಗಳಲ್ಲಿ ಹೆಚ್ಚಿನವು ಈಗಿನ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುತ್ತಿಲ್ಲ, ಉಳಿದವು ಬೆಳೆದಿಲ್ಲ. ಡ್ರಿಪ್ ಜೊತೆ ಕೊಟ್ಟಿದ್ದ ಆಕ್ಸಿಟಿನಿಬ್ ಮಾತ್ರೆ ಬೆಳಿಗ್ಗೆ, ರಾತ್ರಿ ಮುಂದುವರಿಯುತ್ತದೆ. ಪೂರ್ತಿ ಗುಣವಾಯಿತು ಅಂತ ಡಾಕ್ಟರು ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಜೂನ್‌ನಲ್ಲಿ ಶಾಲೆ ಶುರುವಾದಾಗ ಹತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡಲು ನಾನೇ ಹೋಗುತ್ತೇನೆ. ಹಾಗಾಗಿ ಈ ಬರಹ.

ಕಿಡ್ನಿ ತೆಗೆದ ಮೇಲೂ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದೆ ಎಂದು ಗೊತ್ತಾದಾಗ ಡಾಕ್ಟರು ಕ್ಲಿನಿಕಲ್ ಟ್ರಯಲ್, ಅಂದರೆ ಹೊಸ ಔಷಧಿಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನದ ವಿಚಾರ ತೆಗೆದರು. ಹರಿಹರದಿಂದ ಅಕ್ಕ ಓಡಿಬಂದಳು. "ಬ್ಯಾಡಪ್ಪಾ ತಮ್ಮಾ, ನಿನ್ನ ಮೈಮ್ಯಾಲೆ ಪ್ರಯೋಗ ಮಾಡ್ತಾರಂತೆ" ಅಂತ ಅತ್ತಳು. ಅವಳ ಭಯ ಸುಳ್ಳಲ್ಲ. ನಮ್ಮ ದೇಶದಲ್ಲಿ ಬಡವರಿಗೆ ಸರಿಯಾಗಿ ತಿಳಿಸದೆ ಔಷಧಿ ಪ್ರಯೋಗ ನಡೆಸಿದ ದೂರುಗಳು ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದವು.

ಆ ಭಯ ಕಳೆದವರು ಟ್ರಯಲ್ ಕೋಆರ್ಡಿನೇಟರ್ ಆಗಿದ್ದ ಹುಡುಗಿ. ಕನ್ನಡದ ಒಪ್ಪಿಗೆ ಪತ್ರವನ್ನು ಅಕ್ಕನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪುಟಪುಟವಾಗಿ ಓದಿ ಹೇಳಿದರು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಹೋದರೆ ಮಾಮೂಲಿ ಚಿಕಿತ್ಸೆಗೆ ತೊಂದರೆಯಿಲ್ಲ. ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ರೋಗಿಗಳ ಹಿತ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯವರ ಫೋನ್ ನಂಬರ್ ಇಲ್ಲಿದೆ, ನಮ್ಮ ಮೇಲೆ ದೂರಿದ್ದರೂ ಮಾಡಿ ಸರ್, ಅಂದರು. "ಈಗಲೇ ಸಹಿ ಬೇಡ, ಮನೆಗೆ ಒಯ್ದು ಓದಿ" ಎಂದು ಕಳಿಸಿದರು. ತಾಯೀ, ನಿಮಗೆ ನನ್ನ ಮೊದಲ ನಮಸ್ಕಾರ.

ಆ ಪತ್ರದ ಸಾಲುಗಳು ಸುಮ್ಮನೆ ಹುಟ್ಟಿದವಲ್ಲ. 2012ರಲ್ಲಿ ಇಂದೋರಿನ ಸ್ವಾಸ್ಥ್ಯ ಅಧಿಕಾರ್ ಮಂಚ್ ಎಂಬ ಸಂಘಟನೆಯವರು ಅಂಥ ದೂರುಗಳನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಮರುವರ್ಷ ಪರಿಹಾರದ ನಿಯಮಗಳು ಬಿಗಿಯಾದವು, 2019ರಲ್ಲಿ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದವು. ನಾನು ಧೈರ್ಯವಾಗಿ ಸಹಿ ಹಾಕಿದ್ದರಲ್ಲಿ, ನಾನು ಎಂದೂ ನೋಡದ ಆ ಜನರ ಪಾಲು ದೊಡ್ಡದು.

ನಮ್ಮ ಟ್ರಯಲ್‌ನಲ್ಲಿ ಒಂದು ಗುಂಪಿಗೆ ಹೊಸ ಮಾತ್ರೆ, ಇನ್ನೊಂದಕ್ಕೆ ಬಳಕೆಯಲ್ಲಿರುವ ಚಿಕಿತ್ಸೆ. ಯಾರಿಗೆ ಯಾವ ಗುಂಪು ಎಂದು ಕಂಪ್ಯೂಟರ್ ಆರಿಸುತ್ತದೆ, ಡಾಕ್ಟರ ಕೈಯಲ್ಲೂ ಇರುವುದಿಲ್ಲ. ನನಗೆ ಹೊಸ ಮಾತ್ರೆ ಬರಲಿಲ್ಲ. ಈಗಾಗಲೇ ಬಳಕೆಯಲ್ಲಿರುವ ಚಿಕಿತ್ಸೆಯ ಗುಂಪು ಬಂತು. ನನ್ನ ಹೆಂಡತಿಯ ಮುಖ ಬಾಡಿತು. ಆಗ ಡಾಕ್ಟರು, "ಮೇಷ್ಟ್ರೇ, ನಿಮಗೆ ಕೊಡ್ತಿರೋದೂ ಸ್ವಲ್ಪ ವರ್ಷದ ಹಿಂದೆ ಟ್ರಯಲ್ ಔಷಧಿನೇ" ಅಂದರು. ಆಮೇಲೆ ಅದನ್ನೇ ಕೂತು ಓದಿದೆ.

ಕಿಡ್ನಿ ಕ್ಯಾನ್ಸರಿಗೆ ಸಾಮಾನ್ಯ ಕೀಮೋಥೆರಪಿ ಅಷ್ಟಾಗಿ ನಾಟುವುದಿಲ್ಲ. 2005ರವರೆಗೆ, ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆಮೇಲೆ ಸೊರಾಫೆನಿಬ್, ಸುನಿಟಿನಿಬ್ ಮಾತ್ರೆಗಳು ಬಂದವು. ನನಗೆ ಕೊಟ್ಟ ಜೋಡಿ ಔಷಧಿಯನ್ನು ಸುನಿಟಿನಿಬ್ ಜೊತೆ ಹೋಲಿಸಿ ನೋಡಿದ ಟ್ರಯಲ್‌ನಲ್ಲಿ 861 ರೋಗಿಗಳಿದ್ದರು. 432 ಜನರಿಗೆ ಈ ಜೋಡಿ, 429 ಜನರಿಗೆ ಹಳೆಯ ಮಾತ್ರೆ. ಜೋಡಿ ಔಷಧಿ ಪಡೆದವರು ಹೆಚ್ಚು ಕಾಲ ಬದುಕಿದರು ಎಂದು 2019ರಲ್ಲಿ ವರದಿ ಬಂತು. ಅದೇ ವರ್ಷ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಆ 429 ಜನ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅವರೂ ನನ್ನ ಹಾಗೆ ಹಳೆಯ ಚಿಕಿತ್ಸೆಯ ಗುಂಪಿಗೆ ಬಿದ್ದವರು. ಅವರ ಮನೆಯಲ್ಲೂ ಯಾರದೋ ಮುಖ ಬಾಡಿರುತ್ತದೆ. ಆದರೂ ರಕ್ತ ಕೊಟ್ಟು, ಸ್ಕ್ಯಾನ್ ಮಾಡಿಸಿಕೊಂಡು, ಟ್ರಯಲ್‌ಗೆ ಒದಗಿದರು. ಅವರಿಲ್ಲದಿದ್ದರೆ ಹೊಸದು ಮೇಲೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಲ್ಲಿ ಎಷ್ಟೋ ಜನ ಈಗ ಇರಲಿಕ್ಕಿಲ್ಲ. ಇದ್ದವರಿಗೂ ಇಲ್ಲದವರಿಗೂ ಕೈಮುಗಿಯುತ್ತೇನೆ. ನನ್ನ ಸ್ಕ್ಯಾನ್‌ಗಳು, ರಕ್ತದ ವರದಿಗಳು ಇನ್ನೊಬ್ಬರಿಗೆ ಹಾಗೆ ಆಗಿಬರಲಿ ಎಂಬುದೇ ನನ್ನ ಆಸೆ.

ಹೊಸ ಮಾತ್ರೆಯ ಗುಂಪಿನಲ್ಲಿದ್ದ ಅಣ್ಣಾವ್ರೊಬ್ಬರು ಆಸ್ಪತ್ರೆಯ ಡೇಕೇರ್ ವಾರ್ಡಿನಲ್ಲಿ ನನ್ನ ಪಕ್ಕದ ಮಂಚದವರು. ಅವರಿಗೆ ಅದು ಹಿಡಿಯಲಿಲ್ಲ, ಟ್ರಯಲ್‌ನಿಂದ ಹೊರಬಂದು ಈಗ ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ನನ್ನ ರಿಪೋರ್ಟ್ ಚೆನ್ನಾಗಿ ಬಂದಾಗಲೆಲ್ಲ ನನಗಿಂತ ಹೆಚ್ಚು ಸಂತೋಷಪಟ್ಟವರು ಅವರೇ. ಅಣ್ಣಾ, ನಿಮ್ಮ ಮುಂದೆ ನನಗೆ ಮಾತು ಬರುವುದಿಲ್ಲ.

ಔಷಧಿ ಸುಲಭದ್ದೇನಲ್ಲ. ಭೇದಿ, ಬಿ.ಪಿ., ಅಂಗೈ ಅಂಗಾಲು ಸುಲಿದು ಉರಿ. ಥೈರಾಯ್ಡ್ ಕೈಕೊಟ್ಟು ಅದಕ್ಕೂ ದಿನಾ ಮಾತ್ರೆ. ಅಪರಾತ್ರಿಯಲ್ಲಿ ಫೋನ್ ಎತ್ತಿದ ನರ್ಸಮ್ಮಂದಿರಿಗೆ, ನನ್ನ ಕ್ಲಾಸುಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಬೆಂಗಳೂರಿನಲ್ಲಿ ಮನೆಯ ಒಂದು ಕೋಣೆಯನ್ನೇ ಬಿಟ್ಟುಕೊಟ್ಟ ಭಾವನವರಿಗೆ ಋಣಿ. ಅಂಗಾಲು ಊರಲಾಗದ ದಿನಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಭಾರವನ್ನೆಲ್ಲ ತನ್ನ ಹೆಗಲಿಗೆ ತೆಗೆದುಕೊಂಡು ನಡೆದ ನನ್ನ ಹೆಂಡತಿಗೆ ಏನು ಹೇಳಲಿ? ಅವಳಿದ್ದಾಳೆ, ಹಾಗಾಗಿ ನಾನಿದ್ದೇನೆ.

ದಾವಣಗೆರೆ ಸುತ್ತಮುತ್ತ ಯಾರ ಕೈಗಾದರೂ ಇಂಥ ಒಪ್ಪಿಗೆ ಪತ್ರ ಬಂದಿದ್ದರೆ ಮನೆಗೆ ಬನ್ನಿ, ಜೊತೆಯಲ್ಲಿ ಕೂತು ಓದೋಣ. ಸೇರಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ, ಅದು ನೀವು ಮತ್ತು ನಿಮ್ಮ ಡಾಕ್ಟರು ಕೂತು ತೀರ್ಮಾನಿಸುವ ಮಾತು. ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ ಸಿ.ಟಿ.ಆರ್.ಐ.ನಲ್ಲಿ ಆ ಟ್ರಯಲ್ ನೋಂದಣಿಯಾಗಿದೆಯೇ ಎಂದು ನೋಡುವುದು ಹೇಗೆಂದು ತೋರಿಸಿಕೊಡುತ್ತೇನೆ. ಭಾನುವಾರ ಮನೆಯಲ್ಲೇ ಇರುತ್ತೇನೆ.